ಬಾಯಿ ಕ್ಯಾನ್ಸರ್‌ಗೆ 'ಚಿನ್ನದ ಕಣ + ಲೇಸರ್' ಚಿಕಿತ್ಸೆ: ನಿಜಾನಾ? ಎಲ್ಲಿ ಸಿಗುತ್ತದೆ?

ತುಂಗಾ ತೀರದವನು | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನಿಗೆ ಬಲಗೆನ್ನೆಯ ಒಳಗೆ ಒಂದು ಹುಣ್ಣು ಇತ್ತು, ಏನು ಮಾಡಿದರೂ ಮಾಯುತ್ತಿರಲಿಲ್ಲ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಅಂತ ಬಂತು. ಡಾಕ್ಟರು ಆಪರೇಷನ್‌ಗೆ ತಾರೀಖೂ ಕೊಟ್ಟಿದ್ದಾರೆ.

ಅಷ್ಟರಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಚಿನ್ನದ ನ್ಯಾನೋ ಕಣಗಳನ್ನು ರಕ್ತಕ್ಕೆ ಬಿಡುತ್ತಾರಂತೆ, ಅವು ತಾವೇ ಹುಡುಕಿಕೊಂಡು ಹೋಗಿ ಗಡ್ಡೆಯಲ್ಲಿ ಕೂರುತ್ತವಂತೆ, ಹೊರಗಿಂದ ಲೇಸರ್ ಬಿಟ್ಟರೆ ಕ್ಯಾನ್ಸರ್ ಮಾತ್ರ ಸುಟ್ಟುಹೋಗುತ್ತದಂತೆ. ಕತ್ತರಿ ಬೇಡ, ಕೀಮೋ ಬೇಡ, ಕೂದಲೂ ಉದುರುವುದಿಲ್ಲ. ಈಗ ದೊಡ್ಡಪ್ಪ "ಮುಖ ಕುಯ್ಯಿಸಿಕೊಳ್ಳಲ್ಲ, ಆ ಲೈಟಿನ ಚಿಕಿತ್ಸೆ ಎಲ್ಲಿದೆ ಹುಡುಕು" ಅಂತ ಹಠ ಹಿಡಿದು ಕೂತಿದ್ದಾರೆ. ದೊಡ್ಡಮ್ಮನೂ ಅವರ ಪಾರ್ಟಿ. ಮನೆಯಲ್ಲಿ ಓದಿದವನು ನಾನೊಬ್ಬನೇ ಅಂತ ಈ ಕೆಲಸ ನನ್ನ ತಲೆಗೆ ಬಂದಿದೆ. ನಾನು ಓದಿದ್ದು ಬಿಕಾಂ!

ಇದು ನಿಜಾನಾ? ಬೆಂಗಳೂರಲ್ಲೋ ಮಣಿಪಾಲದಲ್ಲೋ ಸಿಗುತ್ತದಾ? ಹುಡುಕಾಟಕ್ಕೆ ಅಂತ ಆಪರೇಷನ್ ಒಂದೆರಡು ತಿಂಗಳು ಮುಂದೆ ಹಾಕಿದರೆ ತೊಂದರೆಯಾ?

ಗಡ್ಡಪ್ಪ | ಭಾನುವಾರ ರಾತ್ರಿ

ಈಗಿನ ಚಿನ್ನದ ರೇಟಿಗೆ ಆಪರೇಷನ್ನೇ ಅಗ್ಗ ಗುರು.

ತುಂಗಾ ತೀರದವನು | ಭಾನುವಾರ ರಾತ್ರಿ

ಅಣ್ಣಾ, ಜೋಕ್ ಆಮೇಲೆ. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುತ್ತಿಲ್ಲ.

ಇಎನ್‌ಟಿ ಪಿಜಿ | ಭಾನುವಾರ ತಡರಾತ್ರಿ

ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ಅದಕ್ಕೇ ಚಿಕ್ಕದಾಗಿ. ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ: ಆಪರೇಷನ್ ಮುಂದೆ ಹಾಕಬೇಡಿ. ಬಾಯಿ ಕ್ಯಾನ್ಸರ್‌ನಲ್ಲಿ ಒಂದೆರಡು ತಿಂಗಳು ಸಣ್ಣ ಸಮಯ ಅಲ್ಲ. ಇವತ್ತು ತೆಗೆಯಲು ಆಗುವ ಗಡ್ಡೆ ಆಮೇಲೆ ದವಡೆ ಮೂಳೆಗೋ ಚರ್ಮಕ್ಕೋ ಹೋಗಿರಬಹುದು. ರಿಪೋರ್ಟಿನಲ್ಲಿ ಗಡ್ಡೆಯ ಅಳತೆ, ಆಳ, ಕುತ್ತಿಗೆಯ ಗಂಟುಗಳ ಬಗ್ಗೆ ಏನಿದೆ, ಅಷ್ಟು ಹಾಕಿ. ಹೆಸರು, ಆಸ್ಪತ್ರೆ ಏನೂ ಬೇಡ.

ಕೆಮಿಸ್ಟ್ರಿ ಮೇಷ್ಟ್ರು | ಸೋಮವಾರ ಬೆಳಗ್ಗೆ

ತಮ್ಮಾ, ಆ ವಿಡಿಯೋ ಪೂರ್ತಿ ಸುಳ್ಳಲ್ಲ. ತಾಪತ್ರಯ ಇರುವುದೇ ಅಲ್ಲಿ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್, ಜೆನಿಫರ್ ವೆಸ್ಟ್ ಅನ್ನುವ ಇಬ್ಬರು ವಿಜ್ಞಾನಿಗಳ ಕೆಲಸ ಇದು. ಒಳಗೆ ಸಿಲಿಕಾ ಗುಂಡು, ಮೇಲೆ ತೆಳು ಚಿನ್ನದ ಹೊದಿಕೆ. ಒಟ್ಟು ಗಾತ್ರ ಸುಮಾರು 150 ನ್ಯಾನೋಮೀಟರ್. ನಮ್ಮ ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥವು ಐವತ್ತು ಸಾಲಾಗಿ ಕೂರುತ್ತವೆ. ಹೊದಿಕೆ ಎಷ್ಟು ತೆಳು ಅನ್ನುವುದರ ಮೇಲೆ ಅದು ಯಾವ ಬೆಳಕನ್ನು ಹೀರುತ್ತದೆ ಅನ್ನುವುದು ಬದಲಾಗುತ್ತದೆ. ಇವರು ಅದನ್ನು ಕೆಂಪಿನಿಂದಾಚೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಗೆ ಹೊಂದಿಸಿದರು. ಕಾರಣ, ರಕ್ತವೂ ನೀರೂ ಆ ಬೆಳಕನ್ನು ಕಡಿಮೆ ಹೀರುತ್ತವೆ. ಬೆಳಕು ಬಿದ್ದಾಗ ಕಣ ಬಿಸಿಯಾಗುತ್ತದೆ, ಸುತ್ತಲಿನ ಜೀವಕೋಶ ಬೆಂದುಹೋಗುತ್ತದೆ.

ಮನುಷ್ಯರ ಮೇಲಿನ ಮೊದಲ ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಗಂಡಸರು. ಹಿಂದಿನ ದಿನ ರಕ್ತನಾಳಕ್ಕೆ ಕಣ ಕೊಟ್ಟು, ಮರುದಿನ ಸೂಜಿಯ ಮೂಲಕ ಲೇಸರ್ ಎಳೆಯನ್ನು ಗ್ರಂಥಿಯ ಒಳಗೇ ತೂರಿಸಿದರು. ಹೊರಗಿಂದ ಲೈಟ್ ಬಿಟ್ಟದ್ದಲ್ಲ, ಗಮನಿಸಿ! ವರ್ಷದ ನಂತರ ಹೆಚ್ಚಿನವರಲ್ಲಿ ಚಿಕಿತ್ಸೆ ಕೊಟ್ಟ ಜಾಗದಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಫಲಿತಾಂಶ ಒಳ್ಳೆಯದೇ. ಆದರೆ ಬರೀ 16 ಜನ, ಅದೂ ಗ್ರಂಥಿ ಬಿಟ್ಟು ಹೊರಗೆ ಹೋಗದ, ನಿಧಾನಕ್ಕೆ ಬೆಳೆಯುವ ಥರದ ಕ್ಯಾನ್ಸರ್. ಹೋಲಿಸಿ ನೋಡಲು ಬೇರೆ ಚಿಕಿತ್ಸೆ ಪಡೆದ ಗುಂಪೂ ಇರಲಿಲ್ಲ. ಇದನ್ನು ನಿಮ್ಮ ದೊಡ್ಡಪ್ಪನ ಕೆನ್ನೆಗೆ ತಂದು ಅಂಟಿಸುವುದು ವಿಡಿಯೋದವರ ಕೈಚಳಕ.

ಬೆಳಗಾವಿ ಕುಂದಾ | ಸೋಮವಾರ ಬೆಳಗ್ಗೆ

ಮೇಷ್ಟ್ರೇ, ನಮ್ಮ ಆಯುರ್ವೇದದಲ್ಲಿ ಸ್ವರ್ಣಭಸ್ಮ ಇದೆಯಲ್ಲ? ಅದೂ ಚಿನ್ನದ ನ್ಯಾನೋ ಕಣವೇ. ಅವರು ಮಾಡಿದರೆ ವಿಜ್ಞಾನ, ನಮ್ಮವರು ಮಾಡಿದರೆ ಮೂಢನಂಬಿಕೆ. ಇದು ಯಾವ ನ್ಯಾಯ?

ಕೆಮಿಸ್ಟ್ರಿ ಮೇಷ್ಟ್ರು | ಸೋಮವಾರ ಬೆಳಗ್ಗೆ

ಮೂಢನಂಬಿಕೆ ಅಂತ ನಾನೆಲ್ಲಿ ಅಂದೆ ಮಾರಾಯ್ರೇ? ಸ್ವರ್ಣಭಸ್ಮದಲ್ಲಿ ನ್ಯಾನೋ ಗಾತ್ರದ ಚಿನ್ನ ಇರುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ, ಅದು ಸರಿ. ಆದರೆ ಇಲ್ಲಿ ಕೆಲಸ ಮಾಡುವುದು 'ಚಿನ್ನ' ಅನ್ನುವ ಗುಣ ಅಲ್ಲ. ಕಣದ ಆಕಾರ, ಹೊದಿಕೆಯ ದಪ್ಪ, ಎಲ್ಲ ಕಣಗಳೂ ಒಂದೇ ಅಳತೆಯಲ್ಲಿರುವುದು, ಆಮೇಲೆ ಅದಕ್ಕೆ ಸರಿಯಾದ ಲೇಸರ್. ಜೇನುತುಪ್ಪದಲ್ಲಿ ನೆಕ್ಕಿದ ಭಸ್ಮ ಹೊಟ್ಟೆಗೆ ಹೋಗುತ್ತದೆ, ಕೆನ್ನೆಯ ಗಡ್ಡೆಗೆ ಹೋಗುವುದಿಲ್ಲ. ಹೋದರೂ ಬೆಳಕು ಬೀಳದೆ ಅದು ಸುಮ್ನೆ ಕೂತಿರುತ್ತದೆ.

ಬೆಳಗಾವಿ ಕುಂದಾ | ಸೋಮವಾರ ಬೆಳಗ್ಗೆ

ಸಂಶೋಧನೆ ಮಾಡದೆ ಇಲ್ಲ ಅನ್ನಬೇಡಿ ಅಂತ ಅಷ್ಟೇ ನನ್ನ ಮಾತು.

ಪೋಸ್ಟ್‌ಡಾಕ್ ಪಾಪಚ್ಚಿ | ಸೋಮವಾರ ಮಧ್ಯಾಹ್ನ

ಈ ವಿಷಯದ ಅಕ್ಕಪಕ್ಕದಲ್ಲೇ ಕೆಲಸ ಮಾಡುವವಳು ನಾನು. "ತಾವೇ ಹುಡುಕಿಕೊಂಡು ಹೋಗುತ್ತವೆ" ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ.

ಕಣಕ್ಕೆ ಕಣ್ಣಿಲ್ಲ, ಕಾಲಿಲ್ಲ. ರಕ್ತದ ಜೊತೆ ಸುತ್ತುತ್ತದೆ. ಬೇಗ ಬೇಗ ಬೆಳೆದ ಗಡ್ಡೆಯ ರಕ್ತನಾಳಗಳ ಗೋಡೆ ಸಡಿಲ, ಅಲ್ಲಿ ಕಣ ಸೋರಿ ಹೊರಬರುತ್ತದೆ. ಗಡ್ಡೆಯೊಳಗೆ ಕೊಳೆ ತೆಗೆಯುವ ದುಗ್ಧನಾಳಗಳೂ ನೆಟ್ಟಗಿರುವುದಿಲ್ಲ, ಹಾಗಾಗಿ ಬಂದದ್ದು ಅಲ್ಲೇ ಉಳಿಯುತ್ತದೆ. ಇದನ್ನು ಜಪಾನಿನ ಮತ್ಸುಮುರಾ ಮತ್ತು ಮಯೇದಾ 1986ರಲ್ಲಿ ತೋರಿಸಿದರು. ಮೂವತ್ತು ವರ್ಷ ಇಡೀ ಕ್ಷೇತ್ರ ಇದರ ಮೇಲೆ ನಿಂತಿತ್ತು.

2016ರಲ್ಲಿ ಟೊರಾಂಟೋದ ವಾರನ್ ಚಾನ್ ತಂಡ ಹತ್ತು ವರ್ಷದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ನೋಡಿತು. ಕೊಟ್ಟ ಡೋಸ್‌ನಲ್ಲಿ ಗಡ್ಡೆ ತಲುಪಿದ್ದು ಎಷ್ಟು? ಮೀಡಿಯನ್ ಲೆಕ್ಕದಲ್ಲಿ, ಅಂದರೆ ಎಲ್ಲ ಫಲಿತಾಂಶ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು, 0.7 ಶೇಕಡಾ. ಸಾವಿರ ಲಗ್ನಪತ್ರಿಕೆ ಅಂಚೆಗೆ ಹಾಕಿದರೆ ಏಳು ಮನೆ ತಲುಪಿದ ಹಾಗೆ. ಉಳಿದದ್ದರಲ್ಲಿ ದೊಡ್ಡ ಪಾಲು ಲಿವರ್ ಮತ್ತು ಗುಲ್ಮಕ್ಕೆ (ಸ್ಪ್ಲೀನ್) ಹೋಗುತ್ತದೆ. ರಕ್ತದಲ್ಲಿ ಪರಕೀಯ ಚೂರು ಕಂಡರೆ ಹಿಡಿದು ನುಂಗುವುದೇ ಅಲ್ಲಿನ ಕೆಲವು ಕೋಶಗಳ ಕೆಲಸ. ಚಿನ್ನವಾದರೆ ಕರಗುವುದೂ ಇಲ್ಲ, ಬಹಳ ಕಾಲ ಅಲ್ಲೇ ಇರುತ್ತದೆ. ಇದೂ ಹೆಚ್ಚಾಗಿ ಇಲಿಗಳ ಲೆಕ್ಕ. ಇಲಿಯ ಗಡ್ಡೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ವಾರಗಳಲ್ಲಿ ಬೆಳೆದದ್ದು. ಮನುಷ್ಯರ ಗಡ್ಡೆ ವರ್ಷಗಟ್ಟಲೆ ಬೆಳೆದದ್ದು, ನಾಳಗಳು ಅಷ್ಟು ಸೋರುವುದಿಲ್ಲ.

ಗಡ್ಡಪ್ಪ | ಸೋಮವಾರ ಮಧ್ಯಾಹ್ನ

ಹಾಗಾದರೆ ನಮ್ಮ ತೆರಿಗೆ ದುಡ್ಡಲ್ಲಿ ನೀವೆಲ್ಲ ಇಲಿಗಳಿಗೆ ಚಿನ್ನ ಹಾಕುತ್ತಿದ್ದೀರಿ?

ಪೋಸ್ಟ್‌ಡಾಕ್ ಪಾಪಚ್ಚಿ | ಸೋಮವಾರ ಮಧ್ಯಾಹ್ನ

ನನ್ನ ಫೆಲೋಶಿಪ್ಪೇ ತಿಂಗಳಿಂದ ಬಂದಿಲ್ಲ ಸರ್, ಇಲಿಗೆಲ್ಲಿಂದ ಚಿನ್ನ.

ಇನ್ನೊಂದು ಮಾತು. ನ್ಯಾನೋ ಅಂದರೆ ಬರೀ ಕನಸು ಅಂತಲೂ ಅಂದುಕೊಳ್ಳಬೇಡಿ. ಡಾಕ್ಸಿಲ್ ಅನ್ನುವ ಔಷಧ 1995ರಿಂದ ಇದೆ. ಹಳೆಯ ಕೀಮೋ ಔಷಧ ಡಾಕ್ಸೊರುಬಿಸಿನ್ ಅನ್ನು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ್ದು. ಅದರಿಂದ ದೊಡ್ಡ ಲಾಭ ಆದದ್ದು ಗಡ್ಡೆಗೆ ಗುರಿ ಇಟ್ಟಿದ್ದರಿಂದ ಅನ್ನುವುದಕ್ಕಿಂತ ಹೃದಯಕ್ಕೆ ಆಗುವ ಪೆಟ್ಟು ಕಡಿಮೆಯಾದದ್ದರಿಂದ. ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆ ಬಂದಾಗ ಅವರು ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಂಡರು. ಅಂದರೆ ನ್ಯಾನೋ ಔಷಧ ನಮ್ಮ ಆಸ್ಪತ್ರೆಗಳಲ್ಲಿ ಆಗಲೇ ಇದೆ, ಯಾರೂ ಅದರ ವಿಡಿಯೋ ಮಾಡುವುದಿಲ್ಲ ಅಷ್ಟೇ.

ಮೈಸೂರು ಪಾಕ್ | ಸೋಮವಾರ ಮಧ್ಯಾಹ್ನ

ನ್ಯಾನೋ ಅಂದರೆ ನಮಗೆ ಟಾಟಾ ಕಾರು ಮಾತ್ರ ಗೊತ್ತು. ಅದೂ ನಿಂತುಹೋಯಿತು.

ಸೊಸೆ ಮಿಲ್ವಾಕೀ | ಸೋಮವಾರ ಸಂಜೆ

ನೀವೆಲ್ಲ ಚಿನ್ನದಲ್ಲೇ ಇದ್ದೀರಿ. ಬೆಳಕಿನ ಚಿಕಿತ್ಸೆ ಚಿನ್ನ ಇಲ್ಲದೆಯೂ ಇದೆ, ನಮ್ಮ ಮಾವನವರಿಗೇ ಕೊಟ್ಟಿದ್ದರು. ಹೆಸರು ಫೋಟೋಡೈನಾಮಿಕ್ ಥೆರಪಿ, ಪಿಡಿಟಿ ಅನ್ನುತ್ತಾರೆ. ಅವರಿಗೆ ಅನ್ನನಾಳದಲ್ಲಿ ಗಡ್ಡೆ ಬೆಳೆದು ನೀರೂ ಇಳಿಯುತ್ತಿರಲಿಲ್ಲ. ಫೋಟೋಫ್ರಿನ್ ಅನ್ನುವ ಔಷಧವನ್ನು ರಕ್ತಕ್ಕೆ ಕೊಟ್ಟರು. ಎರಡು ದಿನ ಬಿಟ್ಟು ಎಂಡೋಸ್ಕೋಪಿಯಲ್ಲಿ ಕೆಂಪು ಲೇಸರ್ ಬಿಟ್ಟರು. ಆಮೇಲೆ ಮತ್ತೆ ಎಂಡೋಸ್ಕೋಪ್ ಹಾಕಿ ಸತ್ತ ಮಾಂಸ ತೆಗೆದರು. ನುಂಗಲು ದಾರಿ ಆಯಿತು, ಗಂಜಿ ಕುಡಿದರು. ಕ್ಯಾನ್ಸರ್ ವಾಸಿಯಾಗಲಿಲ್ಲ, ವಾಸಿಯಾಗುತ್ತದೆ ಅಂತ ಅವರು ಹೇಳಿಯೂ ಇರಲಿಲ್ಲ.

ಕಷ್ಟ ಇದ್ದದ್ದು ಆಮೇಲೆ. ಕನಿಷ್ಠ ಮೂವತ್ತು ದಿನ ಬಿಸಿಲು ಬೀಳುವ ಹಾಗಿಲ್ಲ. ಔಷಧ ಚರ್ಮದಲ್ಲೂ ಕೂತಿರುತ್ತದೆ, ಬಿಸಿಲು ಬಿದ್ದರೆ ಸುಟ್ಟ ಹಾಗೆ ಊದಿಕೊಳ್ಳುತ್ತದೆ. ಕಿಟಕಿಗೆಲ್ಲ ದಪ್ಪ ಪರದೆ, ಹೊರಗೆ ಹೊರಟರೆ ಟೋಪಿ, ಕೈಗವಸು, ಕಪ್ಪು ಕನ್ನಡಕ. ನಾನು ದೊಡ್ಡ ಸನ್‌ಸ್ಕ್ರೀನ್ ಬಾಟಲಿ ತಂದಿಟ್ಟೆ. ನರ್ಸ್ ನಕ್ಕರು. ಸನ್‌ಸ್ಕ್ರೀನ್ ತಡೆಯುವುದು ಅಲ್ಟ್ರಾವಯಲೆಟ್ ಅನ್ನು, ಇಲ್ಲಿ ಸುಡುವುದು ಕಣ್ಣಿಗೆ ಕಾಣುವ ಬೆಳಕು. ಹಾಗಂತ ಕತ್ತಲೆ ಕೋಣೆಯಲ್ಲೂ ಕೂರಿಸಬಾರದಂತೆ. ಮನೆಯ ಮಂದ ಬೆಳಕಿನಲ್ಲಿ ಚರ್ಮದ ಔಷಧ ನಿಧಾನಕ್ಕೆ ಕರಗಿಹೋಗಬೇಕಂತೆ. ಮಾವನವರು ನಿತ್ಯ ಬೆಳಗ್ಗೆ ಸೂರ್ಯನಮಸ್ಕಾರ ಮಾಡುತ್ತಿದ್ದವರು. ಆ ಒಂದು ತಿಂಗಳು ಮನೆಯವರಿಗೆಲ್ಲ ಬೈಗುಳ.

ತುಂಗಾ ತೀರದವನು | ಸೋಮವಾರ ಸಂಜೆ

ಅಕ್ಕಾ, ತುಂಬಾ ಥ್ಯಾಂಕ್ಸ್. ವಿಡಿಯೋದಲ್ಲಿ ಈ ಬಿಸಿಲಿನ ಮಾತೇ ಇಲ್ಲ. ದೊಡ್ಡಪ್ಪ ತೋಟಕ್ಕೆ ಹೋಗದೆ ಒಂದು ದಿನ ಇರುವುದಿಲ್ಲ.

ಹಳೇ ಪುಸ್ತಕದಂಗಡಿ | ಸೋಮವಾರ ರಾತ್ರಿ

ಇದರ ಇತಿಹಾಸ ಚೆನ್ನಾಗಿದೆ, ಸ್ವಲ್ಪ ಸಹಿಸಿಕೊಳ್ಳಿ. 1900ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನುವ ವೈದ್ಯ ವಿದ್ಯಾರ್ಥಿ ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಸೂಕ್ಷ್ಮ ಜೀವಿಗಳಿಗೆ ಅಕ್ರಿಡಿನ್ ಬಣ್ಣ ಹಾಕಿ ನೋಡುತ್ತಿದ್ದ. ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಬದುಕಿದವು. ಬಣ್ಣ ಅದೇ, ಅಳತೆ ಅದೇ. ನೋಡಿದರೆ ಒಂದು ದಿನ ಗುಡುಗು ಮಳೆ ಬಂದು ಕೋಣೆಯ ಬೆಳಕು ಬೇರೆ ಆಗಿತ್ತು! ಅವನ ಗುರು ಫಾನ್ ಟಪ್ಪೈನರ್ ಇದನ್ನು ಮುಂದುವರಿಸಿ, ಬೆಳಕಿನ ಜೊತೆ ಆಮ್ಲಜನಕವೂ ಬೇಕು ಅಂತ ಕಂಡುಕೊಂಡರು.

1912ರಲ್ಲಿ ಫ್ರೀಡ್ರಿಶ್ ಮೇಯರ್-ಬೆಟ್ಸ್ ಅನ್ನುವ ಜರ್ಮನ್ ವೈದ್ಯ ಬೆಳಕಿಗೆ ಮಿಡಿಯುವ ಹೆಮಟೋಪಾರ್ಫಿರಿನ್ ಅನ್ನುವ ಪದಾರ್ಥ 200 ಮಿಲಿಗ್ರಾಂ ಅನ್ನು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಗುರುತು ಸಿಗದಷ್ಟು ಊದಿಕೊಂಡಿತು. ಫೋಟೋ ತೆಗೆಸಿಕೊಂಡು ಅದನ್ನೂ ಪ್ರಕಟಿಸಿದ. ಫೋಟೋಫ್ರಿನ್ ಅದೇ ವಂಶದ ಔಷಧ. ಅಮೆರಿಕದ ಬಫಲೋದಲ್ಲಿ ಥಾಮಸ್ ಡೌಹರ್ಟಿ 1970ರ ದಶಕದಿಂದ ಅದರ ಹಿಂದೆ ಬಿದ್ದು ಚಿಕಿತ್ಸೆಯ ಮಟ್ಟಕ್ಕೆ ತಂದರು. 1993ರಲ್ಲಿ ಕೆನಡಾ ಮೊದಲು ಒಪ್ಪಿತು, 1995ರಲ್ಲಿ ಅಮೆರಿಕ.

ಬಯಲುಸೀಮೆ ಬಸಣ್ಣ | ಸೋಮವಾರ ರಾತ್ರಿ

ನಮ್ಮ ಕಡೆ ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದರು. ಅದೂ ಇದೇ ಅಲ್ವಾ? ಜರ್ಮನಿಯವರಿಗಿಂತ ಎಷ್ಟೋ ಮೊದಲೇ ನಾವು ಮಾಡಿದ್ದೇವೆ.

ಹಳೇ ಪುಸ್ತಕದಂಗಡಿ | ಸೋಮವಾರ ರಾತ್ರಿ

ಬಸಣ್ಣ, ಇದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. ಬಾವಂಚಿ ಅಂದರೆ ಬಾಕುಚಿ, ಅದರ ಬೀಜದಲ್ಲಿ ಸೊರಾಲೆನ್ ಅನ್ನುವ ಪದಾರ್ಥ ಇದೆ, ಬಿಸಿಲಿನ ಅಲ್ಟ್ರಾವಯಲೆಟ್ ಬಿದ್ದಾಗ ಅದು ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಇಂದಿನ ಚರ್ಮರೋಗ ವಿಭಾಗದ 'ಪೂವಾ' ಚಿಕಿತ್ಸೆಗೂ ಇದೇ ಬುನಾದಿ. ಚರ್ಮದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್‌ಗೂ ಅದನ್ನು ಕೊಡುತ್ತಾರೆ. ಅದೇ ರೋಗಕ್ಕೆ ರಕ್ತವನ್ನು ಹೊರಗೆ ತೆಗೆದು, ಬಿಳಿ ರಕ್ತಕಣಗಳಿಗೆ ಸೊರಾಲೆನ್ ಸೇರಿಸಿ ಬೆಳಕು ತೋರಿಸಿ ವಾಪಸ್ ಬಿಡುವ ವಿಧಾನವೂ 1988ರಿಂದ ಅಮೆರಿಕದಲ್ಲಿ ಇದೆ.

ಇಎನ್‌ಟಿ ಪಿಜಿ | ಸೋಮವಾರ ರಾತ್ರಿ

ಪೂವಾ ಹೆಚ್ಚು ವರ್ಷ ತೆಗೆದುಕೊಂಡವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಜಾಸ್ತಿ ಅನ್ನುವುದನ್ನೂ ಸೇರಿಸಿ. ಯಾರಾದರೂ ಇದನ್ನು ಓದಿ ಕೆನ್ನೆಗೆ ಬಾವಂಚಿ ಹಚ್ಚಿ ಅಂಗಳದಲ್ಲಿ ಕೂತಾರು.

ತುಂಗಾ ತೀರದವನು | ಮಂಗಳವಾರ ಬೆಳಗ್ಗೆ

ರಿಪೋರ್ಟ್ ಸಿಕ್ಕಿತು. ಗಡ್ಡೆ 3.2 ಸೆಂಟಿಮೀಟರ್. ಆಳ 9 ಮಿಲಿಮೀಟರ್ ಅಂತ ಇದೆ. ಬಲಗಡೆ ಕುತ್ತಿಗೆಯಲ್ಲಿ ಒಂದು ಗಂಟು, ಸೂಜಿ ಪರೀಕ್ಷೆಯಲ್ಲಿ ಅದರಲ್ಲೂ ಕ್ಯಾನ್ಸರ್ ಕೋಶ ಸಿಕ್ಕಿದೆ. ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ.

ಇಎನ್‌ಟಿ ಪಿಜಿ | ಮಂಗಳವಾರ ಬೆಳಗ್ಗೆ

ಇದಕ್ಕೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದೊಡ್ಡಪ್ಪನಿಗೆ ಓದಿ ಹೇಳಿ.

ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹೊತ್ತಿಸಿ ಅದರ ಮೇಲೆ ದೊಡ್ಡಪ್ಪನ ಬೆರಳು ಇಡಿಸಿ. ಬೆರಳು ಕೆಂಪಗೆ ಕಾಣುತ್ತದೆ. ನೀಲಿ, ಹಸಿರು ಬೆಳಕು ಒಳಗೇ ಮುಗಿದುಹೋಗಿ ಕೆಂಪು ಮಾತ್ರ ಹೊರಬಂದಿದೆ. ಈಗ ಅಂಗೈ ಇಡಿಸಿ, ಮಂಕು. ತೊಡೆಯ ಮೇಲೆ ಇಟ್ಟರೆ ಏನೂ ಇಲ್ಲ. ಫೋಟೋಫ್ರಿನ್‌ಗೆ ಬಳಸುವ 630 ನ್ಯಾನೋಮೀಟರ್ ಕೆಂಪು ಬೆಳಕು ಮಾಂಸದೊಳಗೆ ಕೆಲಸ ಮಾಡುವಷ್ಟು ಶಕ್ತಿಯಲ್ಲಿ ತಲುಪುವುದು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್. ಬೆಳಕು ಔಷಧಕ್ಕೆ ತಾಗಿದಾಗ ಅಲ್ಲಿರುವ ಆಮ್ಲಜನಕ ಉಗ್ರ ರೂಪಕ್ಕೆ ತಿರುಗಿ ಕೋಶವನ್ನು ಕೊಲ್ಲುತ್ತದೆ. ಅದು ಹುಟ್ಟಿದ ಕೋಶ ದಾಟಿ ಆಚೆ ಹೋಗುವುದೇ ಇಲ್ಲ, ಅಷ್ಟರಲ್ಲಿ ಮುಗಿದಿರುತ್ತದೆ. ಪಕ್ಕದ ಒಳ್ಳೆಯ ಮಾಂಸ ಉಳಿಯುವುದು ಅದರಿಂದಲೇ. ಹಾಗೆಯೇ ಬೆಳಕು ಮುಟ್ಟದ ಕ್ಯಾನ್ಸರ್ ಕೋಶವೂ ಉಳಿಯುತ್ತದೆ. ದೊಡ್ಡ ಗಡ್ಡೆಯ ನಡುವೆ ರಕ್ತ ಸರಿಯಾಗಿ ಹರಿಯದೆ ಆಮ್ಲಜನಕ ಕಡಿಮೆ, ಅಲ್ಲಿ ಬೆಳಕು ಬಿದ್ದರೂ ಪೂರ್ತಿ ಕೆಲಸ ಆಗುವುದಿಲ್ಲ.

ಇನ್ನು ಕುತ್ತಿಗೆ. ಕೆನ್ನೆಗೆ ಎಷ್ಟು ಬೆಳಕು ಬಿಟ್ಟರೂ ಕುತ್ತಿಗೆಯ ಗಂಟಿಗೆ ಅದು ಗೊತ್ತೇ ಆಗುವುದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನ ಅನಿಲ್ ಡಿಕ್ರೂಸ್ ಮತ್ತು ತಂಡದವರು 2015ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಬಾಯಿ ಕ್ಯಾನ್ಸರ್‌ನ ಆರಂಭದ ಹಂತದವರು, ಕುತ್ತಿಗೆಯಲ್ಲಿ ಗಂಟು ಕೈಗೇ ಸಿಗದವರು. ಅವರಲ್ಲಿ ಮೊದಲ ಆಪರೇಷನ್‌ನಲ್ಲೇ ಕುತ್ತಿಗೆಯ ಗಂಟುಗಳನ್ನೂ ತೆಗೆದ ಗುಂಪಿನಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 80 ಶೇಕಡಾ. ಗಂಟು ಕಂಡ ಮೇಲೆ ತೆಗೆಯೋಣ ಅಂತ ಕಾದ ಗುಂಪಿನಲ್ಲಿ 67.5. ಗಂಟು ಕಾಣದವರಿಗೇ ಇಷ್ಟು ವ್ಯತ್ಯಾಸ. ನಿಮ್ಮ ದೊಡ್ಡಪ್ಪನಿಗೆ ಗಂಟು ಇದೆ ಅಂತ ಸೂಜಿ ಪರೀಕ್ಷೆಯೇ ಹೇಳಿದೆ. ಇದು ಬೆಳಕಿನ ಕೇಸ್ ಅಲ್ಲ. ಆಪರೇಷನ್, ಆಮೇಲೆ ಬಹುಶಃ ರೇಡಿಯೇಷನ್. ಅದನ್ನು ಕೊಡುವ ಡಾಕ್ಟರಿಂದಲೇ ಕೇಳಿ.

ಕರಾವಳಿ ಕಾಕ | ಮಂಗಳವಾರ ಬೆಳಗ್ಗೆ

ಡಾಕ್ಟ್ರೇ, ಬಾಯಿಗೆ ಬೆಳಕಿನ ಚಿಕಿತ್ಸೆ ಇಲ್ಲವೇ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ. ಯುರೋಪಿನಲ್ಲಿ ಫೋಸ್ಕಾನ್ ಅನ್ನುವ ಔಷಧ 2001ರಿಂದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಇದೆ. ನಮ್ಮ ದೇಶದಲ್ಲೇ ಅಲೀಗಢದಲ್ಲಿ ಪ್ರಯೋಗ ನಡೆದಿದೆ.

ಇಎನ್‌ಟಿ ಪಿಜಿ | ಮಂಗಳವಾರ ಮಧ್ಯಾಹ್ನ

ಇಲ್ಲ ಅನ್ನಲಿಲ್ಲ, ಇವರಿಗೆ ಅಲ್ಲ ಅಂದೆ. ಫೋಸ್ಕಾನ್ ಒಪ್ಪಿಗೆ ಇರುವುದು ಬೇರೆ ಚಿಕಿತ್ಸೆಗಳೆಲ್ಲ ಸೋತ ಮೇಲೆ, ನೋವು-ತೊಂದರೆ ತಗ್ಗಿಸಲು. ಅಲೀಗಢದ್ದು ನನಗೂ ಇಷ್ಟವಾದ ಕೆಲಸ. ಹಾರ್ವರ್ಡ್‌ನ ತಯ್ಯಬಾ ಹಸನ್ ಮತ್ತು ಬಾಸ್ಟನ್‌ನ ಜೊನಾಥನ್ ಸೆಲ್ಲಿ ಅವರ ತಂಡ ಅಲ್ಲಿನ ವೈದ್ಯರ ಜೊತೆ ಸೇರಿ ಮಾಡಿದ್ದು. ದೊಡ್ಡ ಲೇಸರ್ ಬದಲು ಬ್ಯಾಟರಿಯಲ್ಲಿ ಓಡುವ ಎಲ್‌ಇಡಿ. ಕರೆಂಟ್ ಹೋದರೂ ಚಿಕಿತ್ಸೆ ನಿಲ್ಲಬಾರದು ಅಂತ. ಎಎಲ್‌ಎ ಅನ್ನುವ ಔಷಧ ಕೊಟ್ಟರೆ ಕ್ಯಾನ್ಸರ್ ಕೋಶ ತಾನೇ ಅದನ್ನು ಬೆಳಕಿಗೆ ಮಿಡಿಯುವ ಪದಾರ್ಥ ಮಾಡಿಕೊಳ್ಳುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ಅದರ ಹೊಳಪು ನೋಡಬಹುದು. ಆದರೆ ಆರಿಸಿಕೊಂಡದ್ದು 2 ಸೆಂಟಿಮೀಟರಿಗಿಂತ ಚಿಕ್ಕ, ಗಂಟಿಗೆ ಹೋಗದ ಗಡ್ಡೆಗಳನ್ನು. ಅವರಲ್ಲೂ ಎಲ್ಲರಿಗೂ ಪೂರ್ತಿ ಹೋಗಲಿಲ್ಲ.

ಯೊಕೊಹಾಮಾ ಕನ್ನಡಿಗ | ಮಂಗಳವಾರ ಮಧ್ಯಾಹ್ನ

ಇಲ್ಲಿ ಜಪಾನಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅಕಾಲಕ್ಸ್ ಅನ್ನುವ ಬೆಳಕಿನ ಚಿಕಿತ್ಸೆಯ ಔಷಧಕ್ಕೆ ಒಪ್ಪಿಗೆ ಸಿಕ್ಕಿದೆ, ಸರ್ಕಾರಿ ವಿಮೆಯಲ್ಲೂ ಬರುತ್ತದೆ. ಮಜಾ ಅಂದರೆ ಕಂಪನಿ ರಾಕುಟೆನ್ ಗುಂಪಿನದು. ನಾವು ಆನ್‌ಲೈನಲ್ಲಿ ಅಕ್ಕಿ ತರಿಸುವ ರಾಕುಟೆನ್ನೇ! ಅದರ ಮಾಲೀಕ ಮಿಕಿತಾನಿ ತಮ್ಮ ತಂದೆಗೆ ಕ್ಯಾನ್ಸರ್ ಬಂದಾಗ ಹುಡುಕುತ್ತಾ ಇದಕ್ಕೆ ಬಂದವರು.

ಕಂಡುಹಿಡಿದದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸತಾಕಾ ಕೊಬಯಾಶಿ. ಚಿನ್ನ ಇಲ್ಲ, ಕಣವೂ ಇಲ್ಲ. ಕ್ಯಾನ್ಸರ್ ಕೋಶದ ಮೇಲಿರುವ ಒಂದು ಗುರುತನ್ನು ಹಿಡಿಯುವ ಆಂಟಿಬಾಡಿ ಅನ್ನುವ ಪ್ರೋಟೀನಿಗೆ ಒಂದು ಬಣ್ಣವನ್ನು ಕಟ್ಟಿದ್ದಾರೆ. ಔಷಧ ಕೊಟ್ಟ ಮರುದಿನ 690 ನ್ಯಾನೋಮೀಟರ್ ಬೆಳಕು. ಬೆಳಕು ಬಿದ್ದ ಕೂಡಲೇ ಕೋಶದ ಪೊರೆ ಒಡೆಯುತ್ತದೆ. ನಿಜವಾಗಿ ಗುರಿ ಇಟ್ಟು ಹೊಡೆಯುವುದಕ್ಕೆ ಇದೇ ಹತ್ತಿರ ಅಂತ ನನಗನಿಸುತ್ತದೆ. ಯಾಕೆಂದರೆ ಔಷಧಕ್ಕೂ ಗುರಿ ಇದೆ, ಬೆಳಕಿಗೂ ಗುರಿ ಇದೆ.

ಪೋಸ್ಟ್‌ಡಾಕ್ ಪಾಪಚ್ಚಿ | ಮಂಗಳವಾರ ಸಂಜೆ

ಯೊಕೊಹಾಮಾದವರು ಹೇಳಿದ್ದು ಸರಿ, ಆದರೆ ಇನ್ನೂ ಎರಡು ಮಾತು ಬೇಕು. ಆ ಒಪ್ಪಿಗೆ ಇರುವುದು ಆಪರೇಷನ್ ಮಾಡಲು ಆಗದ, ಅಥವಾ ವಾಪಸ್ ಬಂದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ. ಇಲ್ಲೂ ದೊಡ್ಡಪ್ಪ ಸಾಲಿನಲ್ಲಿ ಬರುವುದಿಲ್ಲ, ಅವರಿಗೆ ಆಪರೇಷನ್ ಸಾಧ್ಯ ಇದೆ. ಆಳದ ಗಡ್ಡೆಗೆ ಅಲ್ಲೂ ಸೂಜಿ ಚುಚ್ಚಿಯೇ ಬೆಳಕು ಒಯ್ಯಬೇಕು. ಚಿಕಿತ್ಸೆಯ ನಂತರ ನೋವು ಜೋರು, ಗಂಟಲು ಊದಿಕೊಂಡರೆ ಉಸಿರಾಟಕ್ಕೇ ತೊಂದರೆ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿಯ ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕು ಬಿದ್ದಾಗ ಮಾತ್ರ ವಿಷವಾಗುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದೆ. ಕಬ್ಬಿಣ, ವನೇಡಿಯಂ, ಪ್ಲಾಟಿನಂ. ಅರಿಶಿನದ ಕರ್ಕ್ಯುಮಿನ್ ಕಟ್ಟಿದ್ದೂ ಉಂಟು. ಬಹಳ ಚಂದದ ರಸಾಯನಶಾಸ್ತ್ರ. ಅದು ನಡೆದಿರುವುದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ಅಲ್ಲಿ ಹೋಗಿ ಚಿಕಿತ್ಸೆ ಕೊಡಿ ಅಂತ ಕೇಳಬೇಡಿ, ಗೇಟಿನಲ್ಲೇ ನಿಲ್ಲಿಸುತ್ತಾರೆ.

ಮೈಸೂರು ಪಾಕ್ | ಮಂಗಳವಾರ ಸಂಜೆ

ಅರಿಶಿನ ಅಂದರಲ್ಲ, ಇನ್ನು ನಾಳೆಯಿಂದ ಹೊಸ ವಿಡಿಯೋ ಬರುತ್ತದೆ ನೋಡಿ.

ಹಾಸನದ ಅಳಿಯ | ಮಂಗಳವಾರ ರಾತ್ರಿ

ದೊಡ್ಡಪ್ಪ ತಂಬಾಕು ಹಾಕುತ್ತಿದ್ದರಾ?

ತುಂಗಾ ತೀರದವನು | ಮಂಗಳವಾರ ರಾತ್ರಿ

ಇಲ್ಲ. ಬರೀ ಎಲೆ, ಅಡಿಕೆ, ಸುಣ್ಣ. ಚಿಕ್ಕಂದಿನಿಂದ.

ಸಾಗರದ ತೋಟ | ಮಂಗಳವಾರ ರಾತ್ರಿ

ಹಾಗಾದರೆ ಅಡಿಕೆಯಿಂದ ಬಂದದ್ದಲ್ಲ. ಗುಟ್ಕಾದಲ್ಲಿ ಏನೇನೋ ಬೆರೆಸುತ್ತಾರೆ, ಹೆಸರು ಕೆಡುವುದು ನಮ್ಮ ಅಡಿಕೆಯದು. ನಮ್ಮಜ್ಜ ಸಾಯುವವರೆಗೂ ಕವಳ ಹಾಕಿದ್ದಾರೆ, ಏನೂ ಆಗಿಲ್ಲ.

ಇಎನ್‌ಟಿ ಪಿಜಿ | ಮಂಗಳವಾರ ರಾತ್ರಿ

ತೋಟದವರ ಕಷ್ಟ ಗೊತ್ತು, ನಮ್ಮ ಮನೆಯಲ್ಲೂ ಅಡಿಕೆ ಮರ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ತಂಬಾಕು ಇಲ್ಲದ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಹೇಳಿದೆ, ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ, ಸೇರಿಸಿದೆ. ದೊಡ್ಡಪ್ಪನ ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ ಅಂದರಲ್ಲ, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರಾಗಿ ಬಿಗಿಯುವುದು ನಮ್ಮ ಒಪಿಡಿಯಲ್ಲಿ ದಿನಾ ನೋಡುವ ವಿಷಯ. ಅಂಥ ಬಾಯೊಳಗೆ ಬೆಳಕಿನ ಕೊಳವೆ ಸರಿಯಾದ ಕೋನದಲ್ಲಿ ಹಿಡಿಯುವುದೂ ಕಷ್ಟ.

ಸಾಗರದ ತೋಟ | ಮಂಗಳವಾರ ರಾತ್ರಿ

ಹಾಗಂತ ನಾಳೆ ಮರ ಕಡಿಯಬೇಕಾ? ಬ್ಯಾಂಕಿನ ಸಾಲ ಡಬ್ಲ್ಯೂಎಚ್‌ಒ ತೀರಿಸುತ್ತದಾ?

ಹಾಸನದ ಅಳಿಯ | ಮಂಗಳವಾರ ರಾತ್ರಿ

ಬೆಳೆಯುವುದು ಬೇರೆ, ಜಗಿಯುವುದು ಬೇರೆ ಸ್ವಾಮಿ.

ನಿರ್ವಾಹಕರು | ಮಂಗಳವಾರ ರಾತ್ರಿ

ಅಡಿಕೆ ಜಗಳಕ್ಕೆ ಹೊಸ ಎಳೆ ತೆರೆದಿದ್ದೇನೆ. ಮುಂದಿನದು ಅಲ್ಲಿ.

ದಾವಣಗೆರೆ ಬೆಣ್ಣೆ | ಬುಧವಾರ ಬೆಳಗ್ಗೆ

ತುಂಗಾ ತಮ್ಮಾ, ನಿಮ್ಮ ದೊಡ್ಡಪ್ಪನ ಭಯ ಲೈಟಿನದ್ದೂ ಅಲ್ಲ ಚಿನ್ನದ್ದೂ ಅಲ್ಲ, ಮುಖ ವಿಕಾರವಾಗುತ್ತದೆ ಅನ್ನುವುದು. ನನ್ನ ಸೋದರಮಾವನಿಗೆ ಇದೇ ಆಪರೇಷನ್ ಆಯಿತು. ಎದೆಯಿಂದ ಮಾಂಸ-ಚರ್ಮ ತಿರುಗಿಸಿ ಕೆನ್ನೆಗೆ ಕೂರಿಸಿದರು. ಮೊದಮೊದಲು ದಪ್ಪಗೆ ಕಾಣುತ್ತಿತ್ತು, ಈಗ ಗಡ್ಡ ಬಿಟ್ಟಿದ್ದಾರೆ, ಸಂತೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಂದು ಮಜಾ, ಎದೆಯ ಕೂದಲು ಬಾಯೊಳಗೆ ಬೆಳೆಯಿತು! ರೇಡಿಯೇಷನ್ ಆದ ಮೇಲೆ ನಿಂತಿತು. ಮಾತು ಸ್ವಲ್ಪ ತೊದಲು, ಆದರೆ ಬೈಯುವುದಕ್ಕೆ ಅಡ್ಡಿಯಿಲ್ಲ. ಬೇಕಾದರೆ ಅವರ ಜೊತೆ ಫೋನಲ್ಲಿ ಮಾತಾಡಿಸುತ್ತೇನೆ. ಡಾಕ್ಟರು ಹತ್ತು ಸಲ ಹೇಳುವುದಕ್ಕಿಂತ ಅನುಭವಿಸಿದವರು ಒಂದು ಸಲ ಹೇಳಲಿ.

ದುಡ್ಡಿನ ವಿಚಾರ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಬರುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡಾ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ.

ತುಂಗಾ ತೀರದವನು | ಬುಧವಾರ ಸಂಜೆ

ಅಣ್ಣಾ, ನಂಬರ್ ಖಾಸಗಿಯಾಗಿ ಕಳಿಸಿ, ಖಂಡಿತ ಮಾತಾಡಿಸುತ್ತೇನೆ. ಟಾರ್ಚಿನ ಪ್ರಯೋಗ ಮಾಡಿದೆವು. ದೊಡ್ಡಪ್ಪ ತಾನೇ ಬೆರಳು, ಅಂಗೈ, ಮೊಣಕೈ ಎಲ್ಲ ಇಟ್ಟು ನೋಡಿದರು. ಏನೂ ಹೇಳಲಿಲ್ಲ. ಶುಕ್ರವಾರ ಡಾಕ್ಟರ ಹತ್ತಿರ ಹೋಗಲು ಒಪ್ಪಿದ್ದಾರೆ, ಆಪರೇಷನ್‌ಗೆ ಇನ್ನೂ ಹೂಂ ಅಂದಿಲ್ಲ. ವಿಡಿಯೋ ಕಳಿಸಿದ ಚಿಕ್ಕಪ್ಪ ಗ್ರೂಪಿನಲ್ಲಿ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಸೊಸೆ ಮಿಲ್ವಾಕೀ | ಬುಧವಾರ ರಾತ್ರಿ

ರೇಡಿಯೇಷನ್‌ನಲ್ಲಿ ಬಾಯಿ ಹುಣ್ಣಾಗುತ್ತದೆ ಅಂತಾರಲ್ಲ, ಅದಕ್ಕೂ ಯಾವುದೋ ಕೆಂಪು ಲೇಸರ್ ಕೊಡುತ್ತಾರೆ ಅಂತ ಕೇಳಿದ್ದೆ. ಅದೂ ಪಿಡಿಟಿಯಾ?

ಇಎನ್‌ಟಿ ಪಿಜಿ | ಗುರುವಾರ ಬೆಳಗ್ಗೆ

ಅಲ್ಲ ಮೇಡಂ, ಅದು ಬೇರೆ. ಅಲ್ಲಿ ಔಷಧ ಇಲ್ಲ, ಏನನ್ನೂ ಕೊಲ್ಲುವುದೂ ಇಲ್ಲ. ಕಡಿಮೆ ಶಕ್ತಿಯ ಬೆಳಕನ್ನು ಬಾಯೊಳಗೆ ಹಿಡಿದು ಹುಣ್ಣು ಬರುವುದನ್ನು ತಗ್ಗಿಸುತ್ತಾರೆ. ತಜ್ಞರ ಮಾರ್ಗಸೂಚಿಯಲ್ಲೇ ಇದೆ, ಸೌಲಭ್ಯ ಇರುವ ಕಡೆ ಕೇಳಿ ನೋಡಬಹುದು. ಆನ್‌ಲೈನಲ್ಲಿ ಮಾರುವ ಕೆಂಪು ದೀಪದ ಮುಖವಾಡ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ತುಂಗಾ ಅವರೇ, ಶುಕ್ರವಾರ ಹೋದಾಗ ಇವನ್ನೂ ಕೇಳಿ. ರೇಡಿಯೇಷನ್ ಕೊಡುವುದಾದರೆ ಅದಕ್ಕೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಹುಳುಕು ಹಲ್ಲನ್ನು ಆಮೇಲೆ ಕಿತ್ತರೆ ದವಡೆ ಮೂಳೆ ಮಾಯುವುದು ಕಷ್ಟ. ಬಾಯಿ ತೆರೆಯುವ ವ್ಯಾಯಾಮ ಯಾವತ್ತಿಂದ ಅಂತಲೂ ಕೇಳಿ. ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರ ವಾರ ಒಂದೊಂದೇ ಕಡ್ಡಿ ಸೇರಿಸುವುದು. ಎಲೆಅಡಿಕೆ ತಟ್ಟೆ ಮನೆಯಿಂದ ಇವತ್ತೇ ಹೊರಗೆ ಹೋಗಲಿ, ದೊಡ್ಡಮ್ಮನದ್ದೂ ಸೇರಿಸಿ.